ಹಾರಿದ್ದು ಬಣ್ಣವಲ್ಲ, ಬಾವುಟ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮಾರನೆಯ ದಿನ ನಮ್ಮ ಬೀದಿಯ ಫ್ಲೆಕ್ಸ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ಹೋಗಿದ್ದು ಎರಡು ಪುಟ ಜೆರಾಕ್ಸ್ ಮಾಡಿಸಲು. ಕಂಪ್ಯೂಟರ್ ಮುಂದಿದ್ದ ಹುಡುಗ ನನ್ನನ್ನು ಕಂಡವನೇ, "ಸಾರ್, ಒಂದ್ನಿಮಿಷ ಈ ಇಂಗ್ಲಿಷ್ ನೋಡಿಬಿಡಿ" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದ. ಯಾವುದೋ ಶಾಲೆಯ ಅಭಿನಂದನಾ ಬ್ಯಾನರ್. ನಡುವೆ ಎರಡು ಜಡೆಯ ಹುಡುಗಿಯ ಪಾಸ್‌ಪೋರ್ಟ್ ಫೋಟೊವನ್ನು ಆಳೆತ್ತರಕ್ಕೆ ಹಿಗ್ಗಿಸಿದ್ದರು. ಪಕ್ಕದಲ್ಲಿ 625ಕ್ಕೆ 611 ಎಂಬ ಅಂಕ. ಅದರ ಕೆಳಗೆ ದಪ್ಪಕ್ಷರದಲ್ಲಿ ಇಂಗ್ಲಿಷಿನ ಸಾಲು: 'ಪಾಸ್ಡ್ ಔಟ್ ಇನ್ ಫ್ಲೈಯಿಂಗ್ ಕಲರ್'. ಸುತ್ತಲೂ ಕಾಮನಬಿಲ್ಲು, ಬಲೂನು, ಚಿಟ್ಟೆ, ಹೋಳಿಯ ಪುಡಿ ಎರಚಿದಂಥ ರಂಗು.

"ಯಾಕಪ್ಪಾ ಇಷ್ಟೊಂದು ಬಣ್ಣ?" ಎಂದೆ.

"ಕಲರ್ ಹಾರ್ತಾ ಇರ್ಬೇಕಲ್ವಾ ಸಾರ್, ಅಲ್ಲೇ ಬರೆದಿದೆ ನೋಡಿ" ಎಂದ.

ಅವನ ತರ್ಕದಲ್ಲಿ ಹುಳುಕಿರಲಿಲ್ಲ. ಫ್ಲೈಯಿಂಗ್ ಎಂದರೆ ಹಾರುವುದು, ಕಲರ್ ಎಂದರೆ ಬಣ್ಣ. ಒಂದನೇ ತರಗತಿಯಲ್ಲಿ ಕಲಿತ ಈ ಎರಡು ಪದಗಳನ್ನು ಕೂಡಿಸಿದರೆ ಚಿಟ್ಟೆ ಬರುತ್ತದೆಯೇ ಹೊರತು ಬೇರೇನೂ ಬರುವುದಿಲ್ಲ. ಆದರೆ ಆ ಐದು ಪದಗಳ ಸಾಲಿನಲ್ಲಿ ಮೂರು ತಪ್ಪುಗಳಿದ್ದವು: ಔಟ್ ಒಂದು, ಇನ್ ಇನ್ನೊಂದು, ಒಂಟಿಯಾಗಿ ನಿಂತ ಕಲರ್ ಮೂರನೆಯದು. ಚಿಟ್ಟೆಗಳನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು. ಈ ನಾಲ್ಕಕ್ಕೂ ಮೂಲ ಒಂದೇ. ಬರೆದವರ ಕಣ್ಣಿಗೆ ಆ ನುಡಿಗಟ್ಟಿನೊಳಗಿನ ಚಿತ್ರ ಬಿದ್ದಿರಲಿಲ್ಲ.

ಸರಿಯಾದ ಸಾಲು 'ಪಾಸ್ಡ್ ವಿತ್ ಫ್ಲೈಯಿಂಗ್ ಕಲರ್ಸ್'. ಪರೀಕ್ಷೆಯಲ್ಲಿ ಎಲ್ಲರೂ ಮೆಚ್ಚುವಂತೆ ಗೆದ್ದು ಬಂದರು ಎಂಬ ಅರ್ಥ. ಇಲ್ಲಿ ಕಲರ್ಸ್ ಎಂದರೆ ಬಾವುಟ. ಹಡಗಿನ ಬಾವುಟ, ಸೈನ್ಯದ ಬಾವುಟ.

ಇಂಗ್ಲಿಷಿನಲ್ಲಿ ಈ ಅರ್ಥ ನಾಲ್ಕು ಶತಮಾನಕ್ಕೂ ಹಳೆಯದು, ಇವತ್ತಿಗೂ ಜೀವಂತವಾಗಿದೆ. ಲಂಡನ್ನಿನಲ್ಲಿ ಪ್ರತಿ ಜೂನ್‌ನಲ್ಲಿ ದೊರೆಯ ಅಧಿಕೃತ ಹುಟ್ಟುಹಬ್ಬಕ್ಕೆ ನಡೆಯುವ ಸೇನಾ ಮೆರವಣಿಗೆಯ ಹೆಸರು 'ಟ್ರೂಪಿಂಗ್ ದ ಕಲರ್'. ಪಡೆಯ ಬಾವುಟವನ್ನು ಸೈನಿಕರ ಸಾಲುಗಳ ಮುಂದೆ ಹಾಯಿಸಿ ತೋರಿಸುವ ಪದ್ಧತಿ ಅದು. ಮದ್ದಿನ ಹೊಗೆಯಲ್ಲಿ ದಿಕ್ಕು ತಪ್ಪಿದ ಸೈನಿಕ ತನ್ನವರು ಎಲ್ಲಿದ್ದಾರೆಂದು ಹುಡುಕುತ್ತಿದ್ದುದು ಬಾವುಟವನ್ನು ನೋಡಿ. ಹಾಗಾಗಿ ಮೊದಲೇ ಅದರ ಗುರುತು ಮಾಡಿಕೊಂಡಿರಬೇಕಿತ್ತು. ನಮ್ಮ ದೇಶದಲ್ಲೂ ರಾಷ್ಟ್ರಪತಿಗಳು ಸೇನೆಗೆ ಕೊಡುವ ಅತ್ಯುನ್ನತ ಗೌರವದ ಧ್ವಜಕ್ಕೆ 'ಪ್ರೆಸಿಡೆಂಟ್ಸ್ ಕಲರ್' ಎಂದೇ ಹೆಸರು. 1951ರ ಮೇ 27ರಂದು ಬಾಬು ರಾಜೇಂದ್ರ ಪ್ರಸಾದರು ಅದನ್ನು ಮೊದಲು ಕೊಟ್ಟಿದ್ದು ನೌಕಾಪಡೆಗೆ. ನೌಕಾಪಡೆಯವರು ಬೆಳಗ್ಗೆ ಧ್ವಜ ಏರಿಸುವ ಕ್ರಮವನ್ನು ಸುಮ್ಮನೆ 'ಕಲರ್ಸ್' ಎನ್ನುತ್ತಾರೆ. ಕಾರವಾರದ ನೌಕಾನೆಲೆಯಲ್ಲಿ ಕೆಲಸ ಮಾಡಿದವರನ್ನು ಕೇಳಿನೋಡಿ, ಆ ಪದ ಕಿವಿಗೆ ಬಿದ್ದರೆ ಅವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬಲೂನು ನೆನಪಾಗುವುದಿಲ್ಲ.

ಈಗ ಹಾಯಿಹಡಗಿನ ಕಾಲಕ್ಕೆ ಹೋಗೋಣ. ಎರಡು ಹಡಗುಗಳು ಕೈಗೆಟಕುವಷ್ಟು ಹತ್ತಿರ ನಿಂತು ಫಿರಂಗಿ ಹಾರಿಸುತ್ತಿವೆ. ಯಾರು ಗೆದ್ದರು, ಯಾರು ಸೋತರು ಎಂದು ತಿಳಿಯುವುದು ಹೇಗೆ? ಸೋತೆ ಎನ್ನುವ ಹಡಗು ತನ್ನ ಬಾವುಟ ಇಳಿಸುತ್ತಿತ್ತು. ಬಾವುಟ ಇಳಿದರೆ ಶರಣಾಗತಿ, ಹಾರುತ್ತಿದ್ದರೆ ಹೋರಾಟ ಇನ್ನೂ ಬಾಕಿ ಇದೆ ಎಂದು ಲೆಕ್ಕ. ಈ ಲೆಕ್ಕ ಎಷ್ಟು ಖಚಿತವಾಗಿತ್ತೆಂದರೆ, ಗುಂಡು ತಗುಲಿ ಬಾವುಟ ತಾನಾಗಿ ಬಿದ್ದರೂ ಶತ್ರು ಅದನ್ನು ಶರಣಾಗತಿ ಎಂದು ತಿಳಿಯುವ ಅಪಾಯವಿತ್ತು.

1797ರ ಅಕ್ಟೋಬರ್ 11ರಂದು ಡಚ್ ಕರಾವಳಿಯ ಕ್ಯಾಂಪರ್‌ಡೌನ್ ಕದನದಲ್ಲಿ ಹೀಗೇ ಆಯಿತು. ಬ್ರಿಟಿಷ್ ಅಡ್ಮಿರಲ್ ಡಂಕನ್‌ನ ಹಡಗು 'ವೆನೆರಬಲ್'ನ ಕೂವೆಮರದ ತುದಿ ಗುಂಡಿಗೆ ಮುರಿದು ಬಾವುಟ ಕೆಳಗೆ ಬಿತ್ತು. ಜಾಕ್ ಕ್ರಾಫರ್ಡ್ ಎಂಬ ಸಂಡರ್ಲೆಂಡಿನ ನಾವಿಕ, ಇಪ್ಪತ್ತೆರಡರ ಆಸುಪಾಸಿನ ಹುಡುಗ, ಗುಂಡುಗಳು ಹಾರುತ್ತಿದ್ದಂತೆಯೇ ಮರ ಹತ್ತಿ ಬಾವುಟವನ್ನು ಮೊಳೆ ಹೊಡೆದು ಕೂರಿಸಿದ. ಮೊಳೆ ಹೊಡೆದ ಮೇಲೆ ಇಳಿಸುವ ಮಾತೇ ಇಲ್ಲವಲ್ಲ! ಗಟ್ಟಿ ನಿಲುವು ತಳೆದವರನ್ನು ಇಂಗ್ಲಿಷಿನವರು 'ಕೂವೆಮರಕ್ಕೆ ಬಾವುಟವನ್ನು ಮೊಳೆ ಹೊಡೆದವರು' ಎಂದು ವರ್ಣಿಸುವುದರ ಹಿಂದೆ ಇರುವುದೂ ಇದೇ ಚಿತ್ರ. ಸಂಡರ್ಲೆಂಡಿನ ಉದ್ಯಾನದಲ್ಲಿ ಇಂದಿಗೂ ಆ ಹುಡುಗನ ಪ್ರತಿಮೆ ಇದೆ.

ಕದನ ಮುಗಿಸಿ ಬಂದರಿಗೆ ಮರಳುವ ಹಡಗನ್ನು ದಡದಲ್ಲಿ ಕಾದು ನಿಂತ ಮಂದಿ ದೂರದಿಂದಲೇ ನೋಡುತ್ತಾರೆ. ಹಾಯಿ ಹರಿದಿರಬಹುದು, ಮಗ್ಗುಲಲ್ಲಿ ತೂತುಗಳಿರಬಹುದು. ಬಾವುಟ ಹಾರುತ್ತಿದ್ದರೆ ಎದೆಯ ಭಾರ ಇಳಿಯಿತು. ಬಾವುಟ ಹಾರಿಸಿಕೊಂಡು ಬಂದರು ಎಂದರೆ ಪರೀಕ್ಷೆಯನ್ನು ದಾಟಿ, ಮಾನ ಉಳಿಸಿಕೊಂಡು ಬಂದರು ಎಂದು ಅರ್ಥ. ಫ್ಲೈಯಿಂಗ್ ಕಲರ್ಸ್ ಎಂಬ ಮಾತಿನ ಒಳಗೆ ಇರುವುದು ಈ ಹಡಗು.

ನೆಲದ ಮೇಲಿನ ಯುದ್ಧದಲ್ಲೂ ಇದಕ್ಕೊಂದು ಸೋದರ ಪದ್ಧತಿಯಿತ್ತು. ಕೋಟೆಯನ್ನು ವೀರಾವೇಶದಿಂದ ಕಾಪಾಡಿ, ಕಡೆಗೆ ಅನ್ನ ನೀರಿಲ್ಲದೆ ಬಿಟ್ಟುಕೊಡಬೇಕಾದ ಪಡೆಗೆ ಗೆದ್ದವರು 'ಯುದ್ಧ ಗೌರವ' ನೀಡುತ್ತಿದ್ದರು. ಸೋತ ಪಡೆ ಆಯುಧ ಹಿಡಿದು, ನಗಾರಿ ಬಾರಿಸುತ್ತಾ, ಬಾವುಟ ಹಾರಿಸುತ್ತಾ ಕೋಟೆಯಿಂದ ಹೊರನಡೆಯಬಹುದಿತ್ತು. ಇದಕ್ಕೆ ಯುರೋಪಿನವರೆಗೆ ಹೋಗಬೇಕಿಲ್ಲ. ನಮ್ಮ ಮಂಗಳೂರಿನಲ್ಲೇ ಟಿಪ್ಪು ಸುಲ್ತಾನ್ 1783ರ ಮೇ ತಿಂಗಳಿನಿಂದ ಕೋಟೆಗೆ ಮುತ್ತಿಗೆ ಹಾಕಿದ್ದ. ಒಳಗಿದ್ದ ಕರ್ನಲ್ ಕ್ಯಾಂಪ್‌ಬೆಲ್‌ನ ಬ್ರಿಟಿಷ್ ಪಡೆ ಹಸಿವು, ಕಾಯಿಲೆಗಳಿಂದ ಬಸವಳಿದು 1784ರ ಜನವರಿ ಕೊನೆಯಲ್ಲಿ ಕೋಟೆ ಒಪ್ಪಿಸಿತು. ಎಂಟು ತಿಂಗಳು ಸೆಣಸಿದ ಆ ಪಡೆಯನ್ನು ಟಿಪ್ಪು ಸೆರೆಹಿಡಿಯಲಿಲ್ಲ. ಯುದ್ಧ ಗೌರವದೊಡನೆ ತಲಶ್ಶೇರಿಗೆ ಹೋಗಲು ಬಿಟ್ಟ. ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು.

ಈ ಎರಡು ಚಿತ್ರಗಳಿಂದ ಒಂದು ಸಂಗತಿ ಹೊಳೆಯುತ್ತದೆ. ಈ ನುಡಿಗಟ್ಟು ಹುಟ್ಟಿದ ಕಾಲದಲ್ಲಿ ಅದರ ಒತ್ತು ಇದ್ದದ್ದು ಎಷ್ಟು ದೊಡ್ಡ ಗೆಲುವು ಎನ್ನುವುದರ ಮೇಲಲ್ಲ, ಕಷ್ಟದ ಒಳಹೊಕ್ಕು ತಲೆಯೆತ್ತಿಕೊಂಡು ಹೊರಬಂದರೇ ಎನ್ನುವುದರ ಮೇಲೆ. ಇವತ್ತು ಅರ್ಥ ಸ್ವಲ್ಪ ಸರಿದು 'ಭರ್ಜರಿಯಾಗಿ ಪಾಸಾದರು' ಎನ್ನುವಲ್ಲಿಗೆ ಬಂದಿದೆ. ಆದರೂ ಒಂದು ಪರೀಕ್ಷೆ, ಒಂದು ಸವಾಲು, ಒಂದು ಅಗ್ನಿದಿವ್ಯ ಇಲ್ಲದೆ ಆ ಬಾವುಟ ಹಾರುವುದಿಲ್ಲ.

ಕನ್ನಡಿಗರಿಗೆ ಇದು ಅಪರಿಚಿತ ಚಿತ್ರವೇನಲ್ಲ. 'ಕೀರ್ತಿಪತಾಕೆ ಹಾರಿಸಿದರು' ಎಂದು ನಾವೂ ಬರೆಯುತ್ತೇವೆ. ಹಳೆಯ ಕನ್ನಡದಲ್ಲಿ ಗುಡಿ ಎಂದರೆ ಬಾವುಟ. ಬೇಕಾದವರು ಬಂದಾಗ, ಒಳ್ಳೆಯ ಸುದ್ದಿ ಬಂದಾಗ ಗುಡಿ ತೋರಣ ಕಟ್ಟುತ್ತಿದ್ದರು. ಬಾವುಟವೇ ಮನುಷ್ಯನ ಗುರುತಾಗಿದ್ದನ್ನು ನೋಡಬೇಕಾದರೆ ಮಹಾಭಾರತಕ್ಕೆ ಬನ್ನಿ: ಅರ್ಜುನ ಕಪಿಧ್ವಜ, ದುರ್ಯೋಧನ ರನ್ನನ ಕಾವ್ಯದಲ್ಲಿ ಉರಗಪತಾಕ. ಹೆಸರು ಹೇಳದೆ ಬಾವುಟ ಹೇಳಿದರೂ ಆಳು ಯಾರೆಂದು ತಿಳಿಯುತ್ತಿತ್ತು. ಇಂಗ್ಲಿಷಿನವರ ಕಲರ್ಸ್ ಕೂಡ ಇದೇ ಜಾತಿಯದು.

ನಮ್ಮ ತೊಡಕು ಇರುವುದು ಬಣ್ಣ ಎಂಬ ಪದದಲ್ಲಿ. ಕನ್ನಡದ ನುಡಿಗಟ್ಟುಗಳಲ್ಲಿ ಬಣ್ಣಕ್ಕೆ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಬಣ್ಣದ ಮಾತು ಎಂದರೆ ನಂಬಬಾರದ ಮಾತು. ಬಣ್ಣ ಕಟ್ಟಿ ಹೇಳಿದ ಎಂದರೆ ಇಲ್ಲದ್ದನ್ನು ಸೇರಿಸಿದ. ಒಬ್ಬನ ಬಣ್ಣ ಬಯಲಾಯಿತು ಎಂದರೆ ಅವನ ಕಥೆ ಮುಗಿಯಿತು. ಇಂಗ್ಲಿಷಿನಲ್ಲೂ 'ಟ್ರೂ ಕಲರ್ಸ್' ತೋರಿಸಿದ ಎನ್ನುತ್ತಾರಲ್ಲ, ಎರಡೂ ಒಂದೇ ಅಲ್ಲವೇ ಎಂದು ಕೇಳಬಹುದು. ಅರ್ಥ ಒಂದೇ, ಚಿತ್ರ ಬೇರೆ. ಕಡಲ್ಗಳ್ಳರು ಸುಳ್ಳು ಬಾವುಟ ಹಾರಿಸಿಕೊಂಡು ವ್ಯಾಪಾರಿ ಹಡಗಿನ ಹತ್ತಿರ ಬಂದು, ಕೊನೆಯ ಗಳಿಗೆಯಲ್ಲಿ ನಿಜವಾದ ಬಾವುಟ ಏರಿಸುತ್ತಿದ್ದರು. ಇಂಗ್ಲಿಷಿನ ಮಾತಿಗೆ ಅರ್ಥ ಕಟ್ಟಿಕೊಟ್ಟದ್ದು ಸಮುದ್ರ. ನಮ್ಮ ಮಾತು ಕೇಳಿದೊಡನೆ ಕಣ್ಣಿಗೆ ಕಟ್ಟುವುದು ಮುಖ. ಯಕ್ಷಗಾನದ ಬಣ್ಣದ ವೇಷಧಾರಿ ರಾತ್ರಿಯಿಡೀ ರಾಕ್ಷಸನಾಗಿ ಅಬ್ಬರಿಸಿ, ಬೆಳಗಿನ ಜಾವ ಚೌಕಿಗೆ ಬಂದು ಮುಖಕ್ಕೆ ಎಣ್ಣೆ ಹಚ್ಚಿ ಒರೆಸಿಕೊಂಡಾಗ ಒಳಗಿನ ಮನುಷ್ಯ ಕಾಣುತ್ತಾನಲ್ಲ, ಆ ಬಗೆಯ ಬಯಲು ಅದು. ಅವರದು ಕೂವೆಮರದ ಮೇಲಿನ ಬಟ್ಟೆ, ನಮ್ಮದು ಕೆನ್ನೆಯ ಮೇಲಿನ ಲೇಪ.

ಇನ್ನು 'ಬಣ್ಣ ಹಾರುವುದು'? ಬಿಸಿಲಿಗೆ ಒಣಹಾಕಿದ ಅಗ್ಗದ ಸೀರೆಯ ಬಣ್ಣ ಹಾರಿಹೋಗುತ್ತದೆ. ಭಯಬಿದ್ದವನ ಮುಖದ ರಂಗು ಹಾರುತ್ತದೆ. ಫ್ಲೈಯಿಂಗ್ ಕಲರ್ಸ್ ಅನ್ನು ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತಂದರೆ ಹುಡುಗಿ ಪಾಸಾದಳು ಎನ್ನುವ ಬದಲು ಹುಡುಗಿಯ ಮುಖ ಬಿಳಚಿತು ಎಂದಾಗುತ್ತದೆ. ಯಂತ್ರದ ಕೈಯಲ್ಲಿ ಅನುವಾದ ಮಾಡಿಸಿ ಹಾಗೇ ಅಂಟಿಸುವವರು ಈ ಒಂದು ವಾಕ್ಯವನ್ನಾದರೂ ನೆನಪಿಟ್ಟುಕೊಳ್ಳಬೇಕು.

ಚಿತ್ರ ಕಂಡ ಮೇಲೆ ಬ್ಯಾನರಿನ ತಪ್ಪುಗಳು ಒಂದೊಂದಾಗಿ ತಾವೇ ಕಳಚಿಕೊಳ್ಳುತ್ತವೆ.

ಮೊದಲನೆಯದು 'ಇನ್'. ಈ ತಪ್ಪಿನ ಬೇರು ಇಂಗ್ಲಿಷಿನಲ್ಲಿಲ್ಲ, ನಮ್ಮ ಸಪ್ತಮಿ ವಿಭಕ್ತಿಯಲ್ಲಿದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದ, ಡಿಸ್ಟಿಂಕ್ಷನ್ನಿನಲ್ಲಿ ಪಾಸಾದಳು ಎಂದು ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿದೆ. ಆ 'ಅಲ್ಲಿ'ಯನ್ನೇ ಇಂಗ್ಲಿಷಿಗೆ ಕೊಂಡೊಯ್ದರೆ ಇನ್ ಬರುತ್ತದೆ. 'ಇಂದ' ಎಂದು ಯೋಚಿಸಿದವರು 'ಬೈ ಫ್ಲೈಯಿಂಗ್ ಕಲರ್ಸ್' ಎಂದು ಬರೆಯುವುದೂ ಉಂಟು. ಹಡಗನ್ನು ನೆನೆಸಿಕೊಳ್ಳಿ. ಅದು ಬಾವುಟದ ಒಳಗೆ ಕೂತು ಬರುತ್ತದೆಯೇ? ಬಾವುಟದೊಡನೆ ಬರುತ್ತದೆ. ಒಡನೆ ಎಂದರೆ ವಿತ್. ಡಿಸ್ಟಿಂಕ್ಷನ್ನಿಗೂ ಇಂಗ್ಲಿಷಿನಲ್ಲಿ ವಿತ್ ಎಂಬುದೇ ಸರಿ.

ಎರಡನೆಯದು ಒಂಟಿ 'ಕಲರ್'. ನುಡಿಗಟ್ಟಿನಲ್ಲಿ ಅದು ಯಾವಾಗಲೂ ಬಹುವಚನ, ಕಲರ್ಸ್. ಬ್ರಿಟಿಷ್ ಕಾಲಾಳು ಪಡೆಯೊಂದಕ್ಕೆ ಸಾಮಾನ್ಯವಾಗಿ ಎರಡು ಬಾವುಟ, ದೊರೆಯ ಹೆಸರಿನದೊಂದು, ಪಡೆಯದೇ ಒಂದು. ಎರಡನ್ನೂ ಸೇರಿಸಿ ಕಲರ್ಸ್ ಎನ್ನುತ್ತಾರೆ. ಲಂಡನ್ ಮೆರವಣಿಗೆಯ ಹೆಸರಿನಲ್ಲಿ ಏಕವಚನ ಇದೆಯಲ್ಲ ಎಂದು ಜಾಣರು ಕೇಳಿಯಾರು. ಅಲ್ಲಿ ವರ್ಷಕ್ಕೆ ಒಂದು ಪಡೆಯ ಒಂದು ಬಾವುಟವನ್ನಷ್ಟೇ ಹಾಯಿಸುತ್ತಾರೆ. ಕಾಗುಣಿತದ ಮಾತೂ ಇಲ್ಲೇ ಬಂದುಹೋಗಲಿ: ಬ್ರಿಟಿಷರ ಕಲರ್‌ನಲ್ಲಿ ಯು ಇದೆ, ಅಮೆರಿಕದವರದರಲ್ಲಿ ಇಲ್ಲ. ನೋವಾ ವೆಬ್‌ಸ್ಟರ್ ತನ್ನ ನಿಘಂಟುಗಳಲ್ಲಿ ಆ ಯುವನ್ನು ಕಿತ್ತು ಹಾಕಿದ. ನಮ್ಮ ಶಾಲೆಗಳು ಬ್ರಿಟಿಷ್ ಕಾಗುಣಿತ ಕಲಿಸುವುದರಿಂದ ಯು ಇರಲಿ. ಅಮೆರಿಕದಲ್ಲಿರುವ ಮಗಳಿಗೆ ಬರೆಯುವವರು ಬಿಡಬಹುದು. ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ಮೂರನೆಯದು 'ಔಟ್', ಇದು ಸ್ವಲ್ಪ ನಾಜೂಕಿನ ಸಂಗತಿ. ಭಾರತದಲ್ಲಿ ಪಾಸೌಟ್ ಎಂದರೆ ಓದು ಮುಗಿಸಿ ಹೊರಬಂದವನು. ಡೆಹ್ರಾಡೂನಿನ ಸೇನಾ ಅಕಾಡೆಮಿಯ ಪಾಸಿಂಗ್ ಔಟ್ ಪರೇಡ್, ನಮ್ಮ ಪತ್ರಿಕೆಗಳು ನಿರ್ಗಮನ ಪಥಸಂಚಲನ ಎಂದು ಬರೆಯುವ ಪೊಲೀಸರ ಪರೇಡ್, ಇವುಗಳಲ್ಲಿ ಆ ಪದ ಇಂಗ್ಲಿಷಿನವರಿಗೂ ಒಪ್ಪಿತ. ಸೇನೆ, ಪೊಲೀಸರ ಆಚೆ ಹೋದರೆ ಪಾಸ್ಡ್ ಔಟ್ ಎಂದರೆ ಪ್ರಜ್ಞೆ ತಪ್ಪಿ ಬಿದ್ದರು ಎಂದೇ ಅವರಿಗೆ ಕೇಳಿಸುವುದು. ಬೆಂಗಳೂರಿನಲ್ಲಿ ನಾವು ನಾವೇ ಮಾತಾಡಿಕೊಳ್ಳುವಾಗ ಪಾಸೌಟ್‌ನಿಂದ ಯಾರಿಗೂ ತೊಂದರೆಯಿಲ್ಲ, ಅದು ನಮ್ಮ ಇಂಗ್ಲಿಷ್. ಆದರೆ ವಿದೇಶದ ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ ಬರೆಯುವ ಮೇಷ್ಟ್ರು ತಮ್ಮ ಶಿಷ್ಯೆ ಬಾವುಟ ಹಾರಿಸುತ್ತಾ ಮೂರ್ಛೆ ಹೋದಳು ಎಂದು ಬರೆದರೆ ಓದುವವರು ಗಾಬರಿಯಾಗುತ್ತಾರೆ. ಅಂಥಲ್ಲಿ ಔಟ್ ಬಿಟ್ಟು ಪಾಸ್ಡ್ ಸಾಕು. 'ಕೇಮ್ ಥ್ರೂ', 'ಎಮರ್ಜ್ಡ್' ಕೂಡ ಈ ನುಡಿಗಟ್ಟಿನ ಹಳೆಯ ಸಂಗಾತಿಗಳು. ಮೂರರಲ್ಲೂ ಒಂದನ್ನು ದಾಟಿ ಈಚೆ ಬಂದ ಭಾವ ಇದೆ.

ವ್ಯಾಕರಣ ಸರಿಯಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಮಾತನ್ನು ಎಲ್ಲಿ ಬಳಸಬೇಕು? ಹುಡುಗಿ ಬೋರ್ಡ್ ಪರೀಕ್ಷೆಯಲ್ಲಿ 611 ತೆಗೆದಳು, ಬಳಸಿ. ಹೊಸ ಕಾರು ಅಪಘಾತ ಸುರಕ್ಷತಾ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಗಳಿಸಿತು, ಬಳಸಿ. ವಸ್ತುವಿಗೂ ಸಲ್ಲುತ್ತದೆ, ಪರೀಕ್ಷೆ ನಡೆದಿರಬೇಕು ಅಷ್ಟೆ. ಹೊಸದಾಗಿ ಸೇರಿದವನು ಕಂಪನಿಯ ಆರು ತಿಂಗಳ ಪರಿವೀಕ್ಷಣಾ ಅವಧಿಯನ್ನು ಮೆಚ್ಚುಗೆಯೊಡನೆ ಮುಗಿಸಿದ, ಅದೂ ಸರಿ. ಆದರೆ ಅಣ್ಣನ ಮದುವೆ ಫ್ಲೈಯಿಂಗ್ ಕಲರ್ಸ್‌ನೊಡನೆ ನಡೆಯಿತು ಎನ್ನುವಂತಿಲ್ಲ, ಮದುವೆಯಲ್ಲಿ ಅಡುಗೆ ಭಟ್ಟರ ಹೊರತು ಯಾರೂ ಪರೀಕ್ಷೆಗೆ ಕೂತಿರುವುದಿಲ್ಲ. ಬಡ್ತಿ ಸಿಕ್ಕಿದ್ದಕ್ಕೆ, ಸೈಟು ಕೊಂಡಿದ್ದಕ್ಕೆ, ಹುಟ್ಟುಹಬ್ಬಕ್ಕೆ ಇದು ಹೊಂದುವುದಿಲ್ಲ. ಪರೀಕ್ಷೆಗೆ ಹೊರಟ ಮಗುವಿಗೆ 'ವಿಶ್ ಯು ಫ್ಲೈಯಿಂಗ್ ಕಲರ್ಸ್' ಎಂದು ಹಾರೈಸಿದರೆ ಅದರ ಕೈಗೆ ಬಾವುಟದ ಕಟ್ಟು ಕೊಟ್ಟಂತೆ. ಬಾವುಟ ಹಾರಿಸಿಕೊಂಡು ಬಾ ಎನ್ನಬೇಕು, ಬಾವುಟ ತಗೋ ಎಂದಲ್ಲ.

ತೇರ್ಗಡೆಯ ಮಟ್ಟವನ್ನೂ ನೋಡಬೇಕು. ಪಾಸಿನ ಗಡಿಯಲ್ಲಿ ತೆವಳಿಕೊಂಡು ದಾಟಿದವನಿಗೆ ಇಂಗ್ಲಿಷಿನಲ್ಲಿ ಬೇರೆ ಮಾತಿದೆ, 'ಸ್ಕ್ರೇಪ್ಡ್ ಥ್ರೂ', ಗೋಡೆಗೆ ಮೈ ತರಚಿಕೊಂಡು ನುಸುಳಿದ ಎಂದು. ಎಲ್ಲ ಉತ್ತೀರ್ಣರಿಗೂ ಒಂದೇ ಬಾವುಟ ಕಟ್ಟಿದರೆ ಬಾವುಟಕ್ಕೆ ಬೆಲೆ ಎಲ್ಲಿಯದು? ಇಷ್ಟಾಗಿಯೂ ನನ್ನ ಮನಸ್ಸಿನಲ್ಲಿ ಒಂದು ಅಪವಾದ ಇದೆ. ಅಪ್ಪ ತೀರಿಕೊಂಡ ವಾರದಲ್ಲೇ ಪರೀಕ್ಷೆಗೆ ಕೂತು ಐವತ್ತು ಶೇಕಡಾ ತೆಗೆದ ಹುಡುಗನಿಗೆ ಈ ಮಾತು ಒಪ್ಪುತ್ತದೆ. ನಿಘಂಟು ಒಪ್ಪದಿರಬಹುದು, ಮಂಗಳೂರು ಕೋಟೆಯಿಂದ ಹೊರನಡೆದ ಸೋತ ಸಿಪಾಯಿಗಳು ಒಪ್ಪುತ್ತಾರೆ.

ಕೊನೆಯ ಮಾತು ಮಿತದ ಬಗ್ಗೆ. ಈ ನುಡಿಗಟ್ಟು ಸವೆದ ನಾಣ್ಯ. ಫಲಿತಾಂಶದ ವಾರದಲ್ಲಿ ಪ್ರತಿ ಬ್ಯಾನರಿನಲ್ಲಿ, ಪ್ರತಿ ಸ್ಟೇಟಸ್ಸಿನಲ್ಲಿ ಅದೇ. ಮುಂದೆ 'ವೆರಿ', 'ಎಕ್ಸಲೆಂಟ್' ಸೇರಿಸಿ ಹೊಳಪು ಕೊಡಲು ನೋಡುವವರೂ ಇದ್ದಾರೆ. ಹಾರುತ್ತಿರುವ ಬಾವುಟವನ್ನು ಇನ್ನೂ ಹಾರಿಸುವುದು ಹೇಗೆ? ಒಂದು ಬರಹಕ್ಕೆ ಒಂದು ಸಲ ಸಾಕು. ಅಂಕ 611 ಎಂದು ದೊಡ್ಡದಾಗಿ ಬರೆದ ಮೇಲೆ ಬಹುಪಾಲು ಅದೂ ಬೇಡ. ಆ ಸಂಖ್ಯೆಗಿಂತ ದೊಡ್ಡ ಬಾವುಟ ಯಾವುದಿದೆ?

ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಇಷ್ಟೆಲ್ಲ ಹೇಳಲು ಆಗಲಿಲ್ಲ, ಹಿಂದೆ ಏಳೆಂಟು ಜನ ಪೆನ್‌ಡ್ರೈವ್ ಹಿಡಿದು ನಿಂತಿದ್ದರು. ಔಟ್ ತೆಗೆಸಿದೆ, ಇನ್ ಜಾಗದಲ್ಲಿ ವಿತ್ ಹಾಕಿಸಿದೆ, ಕಲರ್‌ಗೆ ಎಸ್ ಸೇರಿಸಿದೆ. ಕಲರ್ ಅಂದರೆ ಇಲ್ಲಿ ಬಾವುಟ ಎಂದಷ್ಟೇ ಹೇಳಿದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಮೌಸ್ ಎಳೆದು ಬಲೂನುಗಳನ್ನು ಅಳಿಸಿದ. ಚಿಟ್ಟೆಗಳನ್ನು ಮಾತ್ರ ಉಳಿಸಿಕೊಂಡ, ಹುಡುಗಿ ಇಷ್ಟಪಟ್ಟು ಹಾಕಿಸಿದ್ದಂತೆ.

ಇನ್ನು ಮುಂದೆ ಈ ಮಾತು ಬರೆಯಲು ಪೆನ್ನು ಎತ್ತಿದಾಗ ಒಮ್ಮೆ ಕಣ್ಣು ಮುಚ್ಚಿ ಬಂದರಿನತ್ತ ನೋಡಿ. ಹಡಗು ಯಾವುದು, ಅದು ಹಾದು ಬಂದ ಕದನ ಯಾವುದು ಎಂದು ಕೇಳಿಕೊಳ್ಳಿ. ಬಾವುಟ ಕಂಡರೆ ಧೈರ್ಯವಾಗಿ ಬರೆಯಿರಿ. ಕಾಣದಿದ್ದರೆ 'ಚೆನ್ನಾಗಿ ಪಾಸಾದಳು' ಎಂದು ಕನ್ನಡದಲ್ಲಿ ಬರೆದುಬಿಡಿ, ಅದರಲ್ಲಿ ತಪ್ಪಾಗುವ ಭಯವಿಲ್ಲ.